ಬ್ಯಾಚಿನ ಗೆರೆ

ಆ ಕಾಲೇಜು ಎಷ್ಟು ಚಿಕ್ಕದೆಂದರೆ, ಹುಡುಗಿಯರ ವಾಲಿಬಾಲ್ ತಂಡ, ಫುಟ್‌ಬಾಲ್ ತಂಡ, ಓಟದ ತಂಡ ಎಂದು ಮೂರು ಹೆಸರಿದ್ದರೂ ಆಡುವವರು ಮಾತ್ರ ಅದೇ ಹದಿನಾಲ್ಕು ಮಂದಿ. ವರ್ಷದ ಮೊದಲಿಗೆ ವಾಲಿಬಾಲ್, ಮಳೆಗಾಲದಲ್ಲಿ ಫುಟ್‌ಬಾಲ್, ನೆಲ ಒಣಗಿದ ಮೇಲೆ ಓಟ. ಸೀಸನ್ ಬದಲಾದರೆ ಬೂಟು ಬದಲಾಗುತ್ತಿತ್ತೇ ಹೊರತು ಜರ್ಸಿ ಬದಲಾಗುತ್ತಿರಲಿಲ್ಲ. ಗೋಲ್‌ಕೀಪರ್ ಅಂಗಿ ತೊಟ್ಟು ಓಟಕ್ಕೆ ನಿಂತವಳನ್ನು ಕಂಡು ಹೊರಗಿನವರು ನಕ್ಕರೆ ಇವರೂ ಸೇರಿಕೊಂಡು ನಗುತ್ತಿದ್ದರು. ಸೋಲುವುದು ಅಭ್ಯಾಸವಾದವರಿಗೆ ನಗುವುದು ಕಷ್ಟವಲ್ಲ.

ಆಟದ ಮೇಷ್ಟ್ರು ನಿವೃತ್ತರಾಗಿ ಹೋದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಆ ಕೆಲಸವನ್ನು ಯಾರ ತಲೆಗೆ ಕಟ್ಟೋಣವೆಂದು ಪ್ರಿನ್ಸಿಪಾಲರು ಸುತ್ತಮುತ್ತ ನೋಡಿದಾಗ, ಉಳಿದವರೆಲ್ಲ ಜಾರಿಕೊಂಡು, ಕೈಗೆ ಸಿಕ್ಕಿದವಳು ಗ್ರಂಥಪಾಲಕಿ. ದಿನಕ್ಕೆ ನೂರು ಸಲ ‘ಉಶ್’ ಎನ್ನುತ್ತಿದ್ದುದರಿಂದ ಹುಡುಗಿಯರು ಅವಳನ್ನು ಉಶ್ ಮೇಡಂ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದ್ದು ಅವಳಿಗೆ ಕಮ್ಮಿ. ಗೊತ್ತಿಲ್ಲದಿದ್ದರೆ ಗೊತ್ತಾಗುವವರೆಗೂ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಒಮ್ಮೆ ವಾಪಸು ಬಂದ ಪುಸ್ತಕದೊಳಗೆ ಒಂದು ಹೇರ್‌ಪಿನ್ ಸಿಕ್ಕಿದ್ದಕ್ಕೆ, ಅದು ಯಾರದೆಂದು ಪತ್ತೆ ಹಚ್ಚಲು ಅರ್ಧ ದಿನ ಕಾಲೇಜು ಸುತ್ತಿದ್ದಳು. ಕೊನೆಗೆ ಅದು ಕೆಮಿಸ್ಟ್ರಿ ಮೇಷ್ಟ್ರದ್ದೆಂದು ತಿಳಿದು, ಅವರಿಗೆ ಹೇರ್‌ಪಿನ್ ಯಾಕೆ ಎಂದು ಇನ್ನರ್ಧ ದಿನ ತಲೆ ಕೆಡಿಸಿಕೊಂಡಿದ್ದಳು.

ಅವಳೂ ಅದೇ ಕಾಲೇಜಿನಲ್ಲಿ ಓದಿದವಳು, ಅದೇ ಮೈದಾನದಲ್ಲಿ ಓಡಿದವಳು. ಅಂತರಕಾಲೇಜು ಕೂಟಕ್ಕೆ ಹೋಗಬೇಕಾದರೆ ಕಾಲೇಜಿನ ಮೈದಾನದಲ್ಲೇ ಒಂದು ಸುತ್ತನ್ನು, ಅಂದರೆ ನಾನೂರು ಮೀಟರನ್ನು, ಅರವತ್ತಾರು ಸೆಕೆಂಡಿನೊಳಗೆ ಮುಗಿಸಬೇಕು ಎಂಬ ಕಟ್ಟುನಿಟ್ಟು ಆಗಲೂ ಇತ್ತು. ಅದಕ್ಕೂ ಹಿಂದಿನ ಕಾಲದಲ್ಲಿ ಇಲ್ಲಿಂದ ಗುಂಪು ಗುಂಪಾಗಿ ಹೋದವರು ಕೂಟದಲ್ಲಿ ಕೊನೆಯವರಾಗಿ ಬಂದು ಕಾಲೇಜಿನ ಮಾನ ಕಳೆದಿದ್ದರಂತೆ. ಅದಕ್ಕೇ ಈ ನಿಯಮ. ಕೊನೆಯ ವರ್ಷದಲ್ಲಿ ಗ್ರಂಥಪಾಲಕಿ ಓಡಿದಾಗ ಅರವತ್ತಾರು ಮುಗಿದು ಇನ್ನೊಂದು ಚೂರು ಆಗಿತ್ತು. ಆ ಚೂರು ಅವಳ ಗಂಟಲಲ್ಲಿ ಇಪ್ಪತ್ತು ವರ್ಷದಿಂದ ಸಿಕ್ಕಿಕೊಂಡಿತ್ತು. ಆಮೇಲೆ ಬಸ್ಸು ಹಿಡಿಯುವುದಕ್ಕೂ ಅವಳು ಓಡಿದವಳಲ್ಲ.

ಈಗ ಅದೇ ಕಂಟಕ ಮಿಡತೆಗೆ ಬಂದಿತ್ತು. ಉದ್ದ ಕಾಲಿನ, ಸಣಕಲು ಮೈಯ, ಕೊನೆಯ ವರ್ಷದ ಆ ಹುಡುಗಿಯನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಟ್ರಯಲ್ ಮೂರು ಬೆಳಿಗ್ಗೆ ನಡೆಯುತ್ತಿತ್ತು, ಒಂದು ದಿನ ಗೆದ್ದರೂ ಸಾಕು. ಹಿಂದಿನ ಎರಡು ವರ್ಷವೂ ಮೂರೂ ಬೆಳಿಗ್ಗೆ ಅವಳು ಜೀವ ಬಿಟ್ಟು ಓಡಿ, ಪ್ರತಿ ಸಲವೂ ಒಂದೆರಡು ಸೆಕೆಂಡಿನಿಂದ ಸೋತಿದ್ದಳು. ಇದು ಅವಳ ಕಡೆಯ ಸೀಸನ್. ಇಲ್ಲೂ ತಪ್ಪಿದರೆ ದೊಡ್ಡ ಮೈದಾನ ಹೇಗಿರುತ್ತದೆಂದು ನೋಡದೆಯೇ ಅವಳ ಓಟ ಮುಗಿಯುತ್ತಿತ್ತು.

ಫುಟ್‌ಬಾಲ್ ಸೀಸನ್ನಿನ ಕಡೆಯ ಪಂದ್ಯ ಇನ್ನೊಂದು ಕಾಲೇಜಿನಲ್ಲಿತ್ತು. ಎಂದಿನಂತೆ ಸೋತರು. ವಾಪಸು ಹೋಗುವ ವ್ಯಾನು ಬರುವುದು ತಡವಾಗಿ, ಎಲ್ಲರೂ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಾಗ ಆ ಕಾಲೇಜಿನ ಓಟಗಾರ್ತಿಯೊಬ್ಬಳು ಬಂದು, "ಏನೇ, ಪಂದ್ಯದಲ್ಲಿ ಅಷ್ಟು ಓಡ್ತಿದ್ದೆ, ಒಂದು ಸುತ್ತು ನನ್ ಜೊತೆ ಬರ್ತೀಯಾ?" ಎಂದು ಮಿಡತೆಯನ್ನು ಕೆಣಕಿದಳು. ಮಿಡತೆ ಕೆಸರು ಬೂಟು ಬಿಚ್ಚಿ ಬರಿಗಾಲಲ್ಲೇ ಅಲ್ಲಿನ ನಾನೂರು ಮೀಟರ್ ಸುತ್ತಿಗೆ ಇಳಿದಳು. ಗ್ರಂಥಪಾಲಕಿ ಸುಮ್ಮನಿರಲಾರದೆ ಕುತ್ತಿಗೆಯಲ್ಲಿದ್ದ ಸ್ಟಾಪ್‌ವಾಚ್ ಒತ್ತಿದಳು.

ಮಿಡತೆ ಎದುರಾಳಿಯನ್ನು ಹಿಂದೆ ಹಾಕಿ ಬಂದಳು. ವಾಚು ಅರವತ್ತೈದೂವರೆ ತೋರಿಸುತ್ತಿತ್ತು.

"ವಾಚ್ ಕೆಟ್ಟಿರ್ಬೇಕು ಮೇಡಂ," ಎಂದಳು ತಂಡದ ಕ್ಯಾಪ್ಟನ್.

"ತೊಂಬತ್ತು ನಿಮಿಷ ಫುಟ್‌ಬಾಲ್ ಆಡಿದ್ದಾಳೆ. ಕಾಲಲ್ಲಿ ಶೂ ಇಲ್ಲ. ಆದ್ರೂ ನಮ್ಮ ಮೈದಾನಕ್ಕಿಂತ ಎರಡು ಸೆಕೆಂಡು ಕಮ್ಮಿ," ಎಂದಳು ಗ್ರಂಥಪಾಲಕಿ. "ಅದು ಹೇಗೆ?"

ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದೇ ಚರ್ಚೆ. ಗಾಳಿ ಅಂದರು ಒಬ್ಬರು, ಮಣ್ಣು ಅಂದರು ಇನ್ನೊಬ್ಬರು. ಪ್ರಿನ್ಸಿಪಾಲರು ಎದುರಿಗೆ ಇರಲಿಲ್ಲವಲ್ಲ, ಅದಕ್ಕೆ ಎಂದು ಗೋಲ್‌ಕೀಪರ್ ಹೇಳಿದಾಗ ವ್ಯಾನೆಲ್ಲ ಗೊಳ್ಳೆಂದಿತು. ಗ್ರಂಥಪಾಲಕಿ ಮಾತ್ರ ಒಂದನ್ನೂ ತಳ್ಳಿಹಾಕಲಿಲ್ಲ. ಮರುದಿನ ಮಿಡತೆಯನ್ನು ಬರಿಗಾಲಲ್ಲಿ ಓಡಿಸಿದಳು. ಗಾಳಿಯಿಲ್ಲದ ಹೊತ್ತು ನೋಡಿ ಓಡಿಸಿದಳು. ಪ್ರಿನ್ಸಿಪಾಲರು ಮೀಟಿಂಗಿಗೆ ಹೋದ ದಿನ ನೋಡಿಯೂ ಓಡಿಸಿದಳು. ಏನು ಮಾಡಿದರೂ ಅರವತ್ತೇಳೂವರೆ. ಮಿಡತೆಗೆ ಅಳು ಬಂತು, ಗ್ರಂಥಪಾಲಕಿಗೆ ನಿದ್ದೆ ಕೆಟ್ಟಿತು.

ಗ್ರಂಥಪಾಲಕಿಯ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಸಂಜೆ ಅವನು ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಕೂತು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಅಳತೆಯ ರಟ್ಟು ಎಲ್ಲೋ ಕಳೆದುಹೋಗಿ, ಒಂದು ಅಂಗಿಯ ತುಂಡನ್ನು ಇಟ್ಟು ಅದರ ಸುತ್ತ ಸೀಮೆಸುಣ್ಣ ಎಳೆದು ಇನ್ನೊಂದನ್ನು ಕತ್ತರಿಸಿದ್ದ; ಅದನ್ನಿಟ್ಟು ಮತ್ತೊಂದು; ಅದನ್ನಿಟ್ಟು ಮಗದೊಂದು. ಕೊನೆಯ ಅಂಗಿ ಎಂಟು ವರ್ಷದ ಮಗುವಿಗಲ್ಲ, ಅದರ ಅಪ್ಪನಿಗೆ ಆಗುವಂತಿತ್ತು.

"ನೋಡೇ, ಬುದ್ಧಿ ಮಣ್ಣು ತಿನ್ನಕ್ಕೆ ಹೋಗಿತ್ತು," ಎಂದ. "ಪ್ರತಿ ಸಲ ಸೀಮೆಸುಣ್ಣದಷ್ಟು ಹೊರಗೆ ಹೋಯ್ತು. ಒಂದರಲ್ಲಿ ಕಾಣಲ್ಲ, ಹತ್ತರಲ್ಲಿ ಮಾನ ಹೋಗುತ್ತೆ."

ಅವಳು ಕೈಯಲ್ಲಿದ್ದ ಲೋಟವನ್ನು ಬಟ್ಟೆಯ ಮೇಲೇ ಇಟ್ಟಳು.

"ರೀ," ಎಂದಳು, "ನಮ್ಮ ಗೆರೆ!"

ಆ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಓಟದ ಸೀಸನ್ ಶುರುವಾಗುವ ಹಿಂದಿನ ದಿನ ಕೊನೆಯ ವರ್ಷದವರು ಮೈದಾನದ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಅದಕ್ಕೆ ಬ್ಯಾಚಿನ ಗೆರೆ ಎಂದು ಹೆಸರು. ಗೆರೆಯ ಹೊರಗೆ ಓಡಬೇಕು, ಒಳಗೆ ಕಾಲಿಟ್ಟರೆ ಔಟು. ಸುಣ್ಣಕ್ಕೆ ಹುಲ್ಲು ಸುಟ್ಟುಹೋಗಿ, ಹಿಂದಿನ ವರ್ಷದ ಗೆರೆಯ ಗುರುತು ನೆಲದಲ್ಲಿ ಉಳಿದಿರುತ್ತಿತ್ತು. ಅದರ ಮೇಲೆ ಎಳೆದರೆ ಸೀನಿಯರ್‌ಗಳನ್ನು ತುಳಿದ ಹಾಗೆ. ಆದ್ದರಿಂದ ಅದಕ್ಕೆ ತಾಗದಂತೆ, ಪಾದದ ಅಗಲದಷ್ಟು ಹೊರಗೆ ಹೊಸ ಗೆರೆ ಎಳೆಯುತ್ತಿದ್ದರು. ಎಷ್ಟೋ ವರ್ಷದಿಂದ, ಯಾರೂ ತಪ್ಪಿಸದೆ, ತುಂಬು ಗೌರವದಿಂದ ಇದು ನಡೆದುಬಂದಿತ್ತು. ಗೌರವ ಹೆಚ್ಚಾದಂತೆ ಮೈದಾನವೂ ಹಿಗ್ಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರುದಿನ ಹಾಸ್ಟೆಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗಗಳೆಲ್ಲ ಮಾಯವಾದವು. ಹುಡುಗಿಯರು ಅವನ್ನು ಗಂಟು ಹಾಕಿ ಗೆರೆಯುದ್ದಕ್ಕೂ ಹಾಸಿ, ಗೂಟ ಹೊಡೆದು, ಆಮೇಲೆ ಕಾಲೇಜಿನ ಮುಂದಿನ ನೇರ ರಸ್ತೆಯಲ್ಲಿ ಎಳೆದು ಟೇಪು ಹಿಡಿದರು. ಹಗ್ಗ ಹಿಗ್ಗಿರಬಹುದೆಂದು ಗ್ರಂಥಪಾಲಕಿಗೆ ಅನುಮಾನ. ಎರಡನೆಯ ಸಲ ಒಂದೇ ಉದ್ದದ ಕೋಲು ಹಿಡಿದು, ಬಗ್ಗಿ ಬಗ್ಗಿ, ಗೆರೆಯ ಸುತ್ತ ಅಳೆದರು. ಸೊಂಟ ಬಿದ್ದುಹೋಯಿತು, ಆದರೆ ಲೆಕ್ಕ ಬದಲಾಗಲಿಲ್ಲ. ಸುತ್ತು ನಾನೂರರ ಮೇಲೆ ಇನ್ನೂ ಹನ್ನೆರಡು ಮೀಟರಿಗಿಂತ ಹೆಚ್ಚಿತ್ತು.

ಮಿಡತೆ ಗೆರೆಯ ಮೇಲೇ ಕುಕ್ಕರಿಸಿದಳು. "ಎರಡು ವರ್ಷ ನಾನು ಪುಕ್ಕಟೆ ಓಡ್ದೆನಾ ಮೇಡಂ?"

"ಪುಕ್ಕಟೆ ಏನಲ್ಲ, ಕಾಲು ಗಟ್ಟಿಯಾಗಿದೆ," ಎಂದಳು ಗ್ರಂಥಪಾಲಕಿ.

ಕ್ಯಾಪ್ಟನ್ ತಟ್ಟನೆ ತಿರುಗಿ, "ಮೇಡಂ, ನೀವೂ ಇಲ್ಲೇ ಟ್ರಯಲ್‌ನಲ್ಲಿ ಸೋತಿದ್ರಿ ಅಲ್ವಾ? ಹಾಗಾದ್ರೆ ನೀವೂ ಗೆದ್ದಿದ್ರಿ! ನಿಮ್ಮನ್ನ ಈ ಮೈದಾನಾನೇ ಸೋಲಿಸಿದ್ದು!" ಎಂದಳು.

ಹುಡುಗಿಯರೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು. ಗ್ರಂಥಪಾಲಕಿ ‘ಉಶ್’ ಎನ್ನಲು ಬಾಯಿ ತೆರೆದಳು, ಬರಲಿಲ್ಲ. ನಾನು ನಿಧಾನವಿರಲಿಲ್ಲ, ನನಗೆ ಮೋಸವಾಗಿತ್ತು! ಇಂಥ ಸಿಹಿಯಾದ ಮೋಸ ಯಾರಿಗೆ ಬೇಡ? ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಸೂಜಿ ಬಾಯಲ್ಲಿ ಕಚ್ಚಿಕೊಂಡೇ, "ಅಯ್ಯೋ, ಇಷ್ಟು ದಿನ ನಾನು ಚಾಂಪಿಯನ್ ಕೈಲಿ ಪಾತ್ರೆ ತೊಳೆಸಿದ್ನಾ?" ಎಂದ. ಎರಡು ದಿನ ಅವಳು ಲೈಬ್ರರಿಯಲ್ಲಿ ಯಾರಿಗೂ ಉಶ್ ಎನ್ನಲಿಲ್ಲ. ನಡೆಯುವಾಗ ಬೆನ್ನು ನೆಟ್ಟಗಾಗಿತ್ತು. ಮುಖ ತೊಳೆಯುವಾಗ ಕನ್ನಡಿಯಲ್ಲಿ ತನ್ನನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿಕೊಂಡಳು.

ಪ್ರಿನ್ಸಿಪಾಲರು ಮಾತ್ರ ತಲೆ ತುರಿಸಿಕೊಂಡರು. ಅವರೂ ಅಲ್ಲೇ ಓದಿದವರು, ಗ್ರಂಥಪಾಲಕಿಗಿಂತ ಹತ್ತು ವರ್ಷ ಹಿರಿಯರು. ತಮ್ಮ ಕಾಲದ ಓಟಗಾರರು ಹುಲಿಗಳು, ಈಗಿನವರು ಇಲಿಗಳು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದವರು.

"ಹನ್ನೆರಡು ಮೀಟರ್ ಮುಂದೆ ನಿಂತು ಓಡ್ಲಾ ಸರ್?" ಎಂದು ಮಿಡತೆ ಕೇಳಿದಳು.

"ಬೇಡಮ್ಮ. ನಾಳೆ ಜನ ಏನಂತಾರೆ? ಅವಳಿಗೆ ಹನ್ನೆರಡು ಮೀಟರ್ ಬಿಟ್ಟುಕೊಟ್ರು ಅಂತಾರೆ. ಗೆರೆ ತಪ್ಪಿದ್ರೆ ಗೆರೆಯನ್ನೇ ಸರಿಮಾಡಿ. ಟ್ರಯಲ್ ನಾಳೆ ಬೆಳಿಗ್ಗೆಯಿಂದ ಶುರು. ಈ ವರ್ಷದ ಗೆರೆ ಎಳೆಯೋದು ನಿಮ್ಮ ಬ್ಯಾಚು ತಾನೆ?"

ಗೆರೆ ಎಷ್ಟು ಒಳಗೆ ಬರಬೇಕೆಂದು ನೋಡಲು ಅಂದು ಮಧ್ಯಾಹ್ನ ತಿರುವಿನ ಹತ್ತಿರ ಸನಿಕೆಯಿಂದ ನೆಲವನ್ನು ಅಡ್ಡಕ್ಕೆ ತೆಳುವಾಗಿ ಕೆರೆದರು. ಹುಲ್ಲು ಮೇಲೆದ್ದಂತೆ ಒಳಗಿನಿಂದ ಬಿಳಿ ಪಟ್ಟಿಗಳು ಕಾಣಿಸಿಕೊಂಡವು, ಒಂದರ ಪಕ್ಕ ಒಂದು. ಕೆಲವು ಮಸುಕು, ಕೆಲವು ದಟ್ಟ, ಕೆಲವು ಎರಡೆರಡು ಸೇರಿಕೊಂಡು ಲೆಕ್ಕಕ್ಕೇ ಸಿಗದವು. ಹುಡುಗಿಯರು ಬಾಯಿ ತೆರೆದುಕೊಂಡು ನೋಡಿದರು. ಇಡೀ ಕಾಲೇಜೇ ಅಲ್ಲಿ ಮಣ್ಣಿನೊಳಗೆ ಸಾಲಾಗಿ ಮಲಗಿತ್ತು. ಗ್ರಂಥಪಾಲಕಿ ಮೊಣಕಾಲೂರಿ ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡಿದಳು.

ತಿರುವಿನ ನಟ್ಟನಡುವೆ ಗೂಟ ಹೊಡೆದು, ನಿಯಮದ ಪುಸ್ತಕದಲ್ಲಿದ್ದ ಅಳತೆಯಂತೆ ಹಗ್ಗ ಕಟ್ಟಿ, ಕ್ಯಾಪ್ಟನ್ ಅದರ ತುದಿ ಹಿಡಿದು ಬಂದಳು. ನೋಡಲು ಬಂದಿದ್ದ ಪ್ರಿನ್ಸಿಪಾಲರು ಹಗ್ಗದ ತುದಿ ಎಲ್ಲಿಗೆ ಬರುತ್ತದೆಂದು ಕತ್ತು ಚಾಚಿದರು. ಅದು ಪಟ್ಟಿಗಳ ನಡುವೆಲ್ಲೋ ನಿಂತಿತು. ಅದರ ಹೊರಗೆ ಸಾಲು ಸಾಲು ಗೆರೆ. ಒಳಗೂ ಒಂದಿಷ್ಟು ಗೆರೆ.

"ಹಾಗಾದ್ರೆ ಒಳಗಿನವರು?" ಎಂದರು ಪ್ರಿನ್ಸಿಪಾಲರು.

"ಕಮ್ಮಿ ಓಡಿದವರು ಸರ್," ಎಂದಳು ಗೋಲ್‌ಕೀಪರ್, ವಿನಯವಾಗಿ.

ಹುಲಿಗಳ ಕಾಲದವರು ಕನ್ನಡಕ ಒರೆಸಿಕೊಂಡು, ಆಫೀಸಿನಲ್ಲಿ ಕೆಲಸವಿದೆಯೆಂದು ನೆನಪಿಸಿಕೊಂಡು ಹೊರಟುಹೋದರು. ಅವರು ಮರೆಯಾಗುವವರೆಗೂ ಹುಡುಗಿಯರು ಕಷ್ಟಪಟ್ಟು ನಗು ತಡೆದುಕೊಂಡರು.

ಮಿಡತೆ ಹಗ್ಗದ ತುದಿಯ ಹತ್ತಿರ ಬಗ್ಗಿದ್ದಳು. "ಮೇಡಂ, ಸರಿಯಾದ ಅಳತೆ ಒಂದು ಹಳೇ ಗೆರೆ ಮೇಲೇ ಕೂತಿದೆ. ಇದ್ಯಾಕೆ ಕೆಂಪಗಿದೆ?"

ಗ್ರಂಥಪಾಲಕಿ ನೋಡಿದಳು. ಉಳಿದವೆಲ್ಲ ಬಿಳಿ, ಅದೊಂದು ಮಾತ್ರ ಇಟ್ಟಿಗೆ ಬಣ್ಣ.

ಅವಳಿಗೆ ಗೊತ್ತಾಯಿತು. ಅವರ ಬ್ಯಾಚು ಗೆರೆ ಎಳೆಯುವಾಗ ಅರ್ಧದಲ್ಲೇ ಸುಣ್ಣ ಮುಗಿದುಹೋಗಿತ್ತು. ಲ್ಯಾಬಿನ ಹಿಂದೆ ಬಿದ್ದಿದ್ದ ಒಡೆದ ಇಟ್ಟಿಗೆಗಳನ್ನು ಕುಟ್ಟಿ ಪುಡಿ ಮಾಡಿ ಬೆರೆಸಿದ್ದರು. ಕುಟ್ಟಿದವಳು ಅವಳೇ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಂದರೆ ಅವಳ ವರ್ಷದಲ್ಲಿ ಸುತ್ತು ಸರಿಯಾಗಿತ್ತು. ಅದಕ್ಕೆ ಮೊದಲಿನವರೆಲ್ಲ ಕಮ್ಮಿ ಓಡಿದ್ದರು, ನಂತರದವರೆಲ್ಲ ಹೆಚ್ಚು ಓಡಿದ್ದರು, ಅವಳೊಬ್ಬಳು ಮಾತ್ರ ಕೂದಲೆಳೆ ಹೆಚ್ಚು ಕಮ್ಮಿಯಿಲ್ಲದ ನಾನೂರು ಮೀಟರ್ ಓಡಿ ಸೋತಿದ್ದಳು.

ಎರಡು ದಿನದ ಸಂತೋಷ ಅವಳ ಮೈಯಿಂದ ಇಳಿದುಹೋಗಿದ್ದು ಅವಳಿಗೇ ಗೊತ್ತಾಯಿತು.

"ಯಾರದೋ ಹಳೇ ಬ್ಯಾಚಿಂದು," ಎಂದಳು. "ಎಳಿ ನೀನು, ಕತ್ತಲಾಗುತ್ತೆ."

ಮಿಡತೆ ಗೆರೆ ಎಳೆಯುವ ಸುಣ್ಣದ ಗಾಡಿಯ ಹಿಡಿ ಹಿಡಿದಳು, ಆದರೆ ತಳ್ಳಲಿಲ್ಲ. "ಇದರ ಮೇಲೇ ಎಳೀಬೇಕಲ್ಲ ಮೇಡಂ. ಯಾರ ಗೆರೆ ಅಂತ ಗೊತ್ತಾಗ್ದೆ ಹೇಗೆ ತುಳೀಲಿ? ಅವರನ್ನ ಒಂದು ಮಾತು ಕೇಳ್ಬೇಡ್ವಾ?"

"ಮಣ್ಣಲ್ಲಿರೋ ಸುಣ್ಣ ಕಣೆ ಅದು."

"ನಮ್ಮ ಗೆರೇನೂ ನಾಳೆ ಮಣ್ಣಲ್ಲಿರೋ ಸುಣ್ಣಾನೇ. ಕೇಳದೆ ಯಾರಾದ್ರೂ ತುಳಿದ್ರೆ ನನಗೆ ಬೇಜಾರಾಗುತ್ತೆ." ಮಿಡತೆ ಗಾಡಿಯ ಹಿಡಿ ಬಿಟ್ಟಳು. "ನಾನು ತುಳಿಯಲ್ಲ. ಹೊರಗಿನ ಗೆರೇಲೇ ಓಡ್ತೀನಿ. ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ."

ಉಳಿದ ಹುಡುಗಿಯರೂ ಅಲುಗಾಡಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡೋಣ, ಕೆಂಪು ಗೆರೆ ಯಾರದು ಎಂದು ಕೇಳೋಣ ಎಂದಳು ಕ್ಯಾಪ್ಟನ್. ಬಿಸಿಲು ಮೈದಾನದಿಂದ ಗೋಡೆಗೆ ಏರಿತ್ತು. ಗ್ರಂಥಪಾಲಕಿ ಮಿಡತೆಯ ಕಾಲುಗಳನ್ನು ನೋಡಿದಳು, ಸುಣ್ಣ ಮೆತ್ತಿಕೊಂಡು ಮೊಣಕಾಲವರೆಗೂ ಬೆಳ್ಳಗಾಗಿದ್ದ ಕಾಲುಗಳು. ಈ ಹುಡುಗಿ ನಾಳೆ ಹೊರಗಿನ ಗೆರೆಯಲ್ಲಿ ಓಡಿ ಸೋಲುತ್ತಾಳೆ. ಯಾರನ್ನೂ ದೂರದೆ ಮನೆಗೆ ಹೋಗುತ್ತಾಳೆ. ಆಮೇಲೆ ಇಪ್ಪತ್ತು ವರ್ಷ.

"ಫೋನ್ ಬೇಡ," ಎಂದಳು ಗ್ರಂಥಪಾಲಕಿ. "ಇದು ನಮ್ಮ ಬ್ಯಾಚಿಂದು. ಇಟ್ಟಿಗೆ ಕುಟ್ಟಿದ್ದು ನಾನೇ."

ಹುಡುಗಿಯರು ಗೆರೆ ನೋಡಿದರು, ಹಗ್ಗ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಬಂತು. ಕ್ಯಾಪ್ಟನ್ ನಾಲಿಗೆ ಕಚ್ಚಿಕೊಂಡಳು.

"ಹಾಗಾದ್ರೆ ಮೇಡಂ, ನಿಮಗೆ..."

"ಮೈದಾನ ಏನೂ ಮಾಡ್ಲಿಲ್ಲ ಕಣ್ರೇ. ಗೆರೆ ಸರಿಯಾಗೇ ಇತ್ತು, ಓಡಿದವಳು ನಿಧಾನ." ಅವಳು ನಕ್ಕಳು. "ಎಳಿ ಮಿಡತೆ. ನಮ್ಮ ಬ್ಯಾಚಿನ ಪರವಾಗಿ ನಾನು ಹೇಳ್ತಿದ್ದೀನಿ, ತುಳಿ."

ಮಿಡತೆ ಬಗ್ಗಿ ಆ ಕೆಂಪು ಪಟ್ಟಿಯನ್ನು ಒಮ್ಮೆ ಮುಟ್ಟಿ, ಗಾಡಿ ತಳ್ಳಿದಳು. ಕೆಂಪಿನ ಮೇಲೆ ಬಿಳಿ ಬೀಳುತ್ತಾ ಹೋಯಿತು.

ಬೆಳಿಗ್ಗೆ ಟ್ರಯಲ್. ಪ್ರಿನ್ಸಿಪಾಲರು ಬಂದರು, ಆದರೆ ಭಾಷಣ ಮಾಡಲಿಲ್ಲ. ಮಿಡತೆ ಎರಡನೆಯ ತಿರುವು ದಾಟಿ ನೇರಕ್ಕೆ ಬಂದಾಗ ಗ್ರಂಥಪಾಲಕಿ ವಾಚಿನ ಗುಂಡಿಯ ಮೇಲೆ ಬೆರಳಿಟ್ಟಳು. ಹುಡುಗಿಯ ತಲೆ ಹಿಂದಕ್ಕೆ ವಾಲಿತ್ತು, ಕೈಗಳು ಎತ್ತಲೋ ಬೀಸುತ್ತಿದ್ದವು, ಕಾಲುಗಳು ಮಾತ್ರ ತಮ್ಮ ಪಾಡಿಗೆ ತಾವು ಬರುತ್ತಿದ್ದವು. ಗುಂಡಿ ಒತ್ತಿ ವಾಚು ನೋಡಿದಳು. ಒಮ್ಮೆ ಕಣ್ಣೊರೆಸಿಕೊಂಡು ಮತ್ತೆ ನೋಡಿ ಗಟ್ಟಿಯಾಗಿ ಓದಿದಳು.

"ಅರವತ್ತೈದೂಕಾಲು!"

ಹದಿಮೂರು ಹುಡುಗಿಯರು ಮಿಡತೆಯ ಮೇಲೆ ಬಿದ್ದರು. ಗ್ರಂಥಪಾಲಕಿಗೆ ಕುಣಿಯುವಷ್ಟು ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಬೇರ್ಪಡಿಸುವುದು ಅವಳಿಂದ ಆಗಲಿಲ್ಲ, ಬೇರ್ಪಡಿಸಲು ಹೋಗಲೂ ಇಲ್ಲ.

ಗಲಾಟೆ ಇಳಿದ ಮೇಲೆ ಮಿಡತೆ ಅವಳ ಪಕ್ಕ ಬಂದು ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ಏದುಸಿರು ಬಿಡುತ್ತಲೇ ಕೇಳಿದಳು.

"ಮೇಡಂ, ಆಗ ನಿಮ್ಮ ಟೈಮ್ ಎಷ್ಟಿತ್ತು?"

"ಅರವತ್ತಾರು, ಮೇಲೆ ಒಂದು ಚೂರು."

"ಅಷ್ಟೇನಾ!" ಮಿಡತೆ ಎದ್ದು ಕೂತಳು. "ನಿಮಗೂ ಮೂರು ದಿನ ಟ್ರಯಲ್ ಇತ್ತಾ?"

"ಇತ್ತು."

"ಮೂರು ದಿನಾನೂ ತಪ್ಪಿಹೋಯ್ತಾ?"

"ಇಲ್ಲ. ನಾನು ಮೊದಲ್ನೇ ದಿನ ಮಾತ್ರ ಓಡಿದ್ದು."

ಮಿಡತೆ ಅವಳನ್ನೇ ನೋಡಿದಳು. ಆ ನೋಟದಲ್ಲಿ ಕೊಂಕಿರಲಿಲ್ಲ, ಬರೀ ಕುತೂಹಲವಿತ್ತು. "ಮಿಕ್ಕ ಎರಡು ದಿನ ಯಾಕೆ ಓಡ್ಲಿಲ್ಲ ಮೇಡಂ?"

ಗಾಳಿ, ಮಣ್ಣು, ಹಗ್ಗ, ಹೇರ್‌ಪಿನ್, ಯಾವುದನ್ನೂ ಕೇಳದೆ ಬಿಡದವಳು ಇದೊಂದನ್ನು ತನ್ನನ್ನು ತಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಾಯಿ ತೆರೆದಳು. ಉತ್ತರ ಅಲ್ಲೇ ಎಲ್ಲೋ ಇದೆ, ಈಗ ಬರುತ್ತದೆ ಎಂದುಕೊಂಡು ಕಾದಳು. ಬರಲಿಲ್ಲ.

"ಗೊತ್ತಿಲ್ಲ ಕಣೆ," ಎಂದಳು ಗ್ರಂಥಪಾಲಕಿ.